ಅಂಚು ಹಾಕಿ, ಒತ್ತಕ್ಷರ ಉಳಿಸಿ: ಕನ್ನಡದ ಪ್ರೋಗ್ರಾಮರುಗಳಿಗೊಂದು ಬಹಿರಂಗ ಪತ್ರ

ಕನ್ನಡದಲ್ಲಿ ಸಬ್‌ಟೈಟಲ್ ಹಾಕುವ, ಆಟ ಕಟ್ಟುವ, ನಕ್ಷೆ ಬಿಡಿಸುವ ಪ್ರೋಗ್ರಾಮರ್ ಮಿತ್ರರಿಗೆ,



ಬಿಳಿ ಅಕ್ಷರದ ಸಬ್‌ಟೈಟಲ್ಲಿಗೆ ಬಿಳಿ ಅಂಗಿಯಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಪರದೆಯ ಮೇಲೆ ಖಾದಿ ತೊಟ್ಟ ನಾಯಕರೊಬ್ಬರು ಭಾಷಣಕ್ಕೆ ನಿಂತರೆ ಅವರ ಮಾತು ಅವರ ಅಂಗಿಯಲ್ಲೇ ಕರಗಿಹೋಗುತ್ತದೆ. ಅಕ್ಷರವನ್ನು ಕಪ್ಪು ಮಾಡಿದರೆ ಮುಂದಿನ ದೃಶ್ಯ ರಾತ್ರಿಯದು. ಹಿನ್ನೆಲೆ ಯಾವ ಬಣ್ಣದ್ದೆಂದು ಮೊದಲೇ ಗೊತ್ತಾಗದ ಕಡೆಯಲ್ಲೆಲ್ಲ ಅಕ್ಷರದ ಸುತ್ತ ವಿರುದ್ಧ ಬಣ್ಣದ ಅಂಚು ಕಟ್ಟುವುದು ಅದಕ್ಕೇ. ವೆಬ್ ಪುಟಗಳನ್ನು ಎಲ್ಲರೂ ಓದುವಂತಿರಬೇಕೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ಹೊಳಪಿನ ವ್ಯತ್ಯಾಸ ಕೇಳುತ್ತದೆ. ಬಿಳಿಗೂ ಕಪ್ಪಿಗೂ ಇರುವ ವ್ಯತ್ಯಾಸ 21:1. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕಟ್ಟಿದ ಮೇಲೆ ಹಿಂದೆ ಖಾದಿ ಇದ್ದರೇನು, ಕತ್ತಲಿದ್ದರೇನು?

ಈ ಪತ್ರ ಆ ಅಂಚಿನ ಬಗ್ಗೆ. ಅದನ್ನು ಬೇಗ ಬಿಡಿಸುವುದು ಹೇಗೆ ಎಂಬ ಪ್ರಶ್ನೆ ಹಳೆಯದು, ಉತ್ತರಗಳೂ ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳನ್ನು ಮುಂದಿಟ್ಟುಕೊಂಡು ಬರೆದವು. ಒಂದು ಅಕ್ಷರಕ್ಕೆ ಒಂದು ಸಂಕೇತ, ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಲೆಕ್ಕದವು. ಅವನ್ನು ಎತ್ತಿಕೊಂಡು ಬಂದು ಕನ್ನಡಕ್ಕೆ ಹಾಗೆಯೇ ಹಚ್ಚಿದರೆ ವೇಗವೇನೋ ಬರುತ್ತದೆ, ಒತ್ತಕ್ಷರ ಹೋಗುತ್ತದೆ. ಮಾತು ಗಾಳಿಯಲ್ಲಿ ಉಳಿಯದಿರಲೆಂದು ಇಲ್ಲಿ ಜಾವಾ ಭಾಷೆಯನ್ನೇ ಹಿಡಿದು ನೋಡಬಹುದು. ಬೇರೆ ಭಾಷೆಗಳಲ್ಲಿ ಹೆಸರುಗಳು ಬದಲಾದಾವು, ಕಥೆ ಬದಲಾಗುವುದಿಲ್ಲ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಒಂದೇ. ಸಾಲನ್ನು ಕಪ್ಪಿನಲ್ಲಿ ಒಂದೊಂದು ಪಿಕ್ಸೆಲ್ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ, ನಾಲ್ಕು ಮೂಲೆಗಳಿಗೆ ಸರಿಸಿ ಎಂಟು ಸಲ ಬರೆಯುವುದು. ಒಂಬತ್ತನೆಯ ಸಲ ನಟ್ಟನಡುವೆ ಬಿಳಿಯಲ್ಲಿ ಬರೆಯುವುದು. ಇದನ್ನು ಕಂಡರೆ ಮೂಗು ಮುರಿಯುವ ಹಿರಿಯ ಪ್ರೋಗ್ರಾಮರುಗಳಿದ್ದಾರೆ. ಅಷ್ಟೇನೂ ಮುರಿಯಬೇಕಿಲ್ಲ. ಜಾವಾದ ಡ್ರಾಸ್ಟ್ರಿಂಗ್ ಒಮ್ಮೆ ಬಿಡಿಸಿದ ಅಕ್ಷರಚಿತ್ರಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ, ಹಾಗಾಗಿ ಒಂದು ಪಿಕ್ಸೆಲ್ ಅಂಚಿಗೆ ಎಂಟು ಸಲ ಬರೆಯುವುದು ಅಗ್ಗದ ಕೆಲಸವೇ. ಮೇಲಾಗಿ ಡ್ರಾಸ್ಟ್ರಿಂಗ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಮೆನು, ಬಟನ್ನು, ಮೂಲೆಯಲ್ಲೊಂದು ಅಂಕೆ, ಇಷ್ಟಕ್ಕೆ ಇದು ಸಾಕು.

ತೊಂದರೆ ಶುರುವಾಗುವುದು ಅಂಚು ದಪ್ಪವಾದಾಗ. ನಾಲ್ಕು ಪಿಕ್ಸೆಲ್ ದೂರಕ್ಕೆ ಎಂಟೇ ಪ್ರತಿ ಸರಿಸಿದರೆ ತೆಳು ಗೆರೆಗಳ ನಡುವೆ ಸಂದು ಬೀಳುತ್ತದೆ, ಹಿನ್ನೆಲೆ ಇಣುಕುತ್ತದೆ. ಸಂದು ಮುಚ್ಚಲು ಎರಡೂ ದಿಕ್ಕಿನಲ್ಲಿ ಮೈನಸ್ ನಾಲ್ಕರಿಂದ ಪ್ಲಸ್ ನಾಲ್ಕರವರೆಗೆ ಲೂಪ್ ತಿರುಗಿಸಿದರೆ ಪ್ರತಿಗಳು 81. ಸೆಕೆಂಡಿಗೆ 60 ಫ್ರೇಮಿನಂತೆ ಓಡುವ ಪರದೆಯಲ್ಲಿ ಒಂದೇ ಒಂದು ಸಾಲಿಗೆ 4,860 ಸಲ ಬರೆದಂತಾಯಿತು. ಇಷ್ಟು ದುಡಿಸಿಕೊಂಡ ಮೇಲೂ ಸಿಗುವುದು ಚೌಕ ಮೂಲೆಯ ಅಂಚು. ನಮ್ಮ ಲಿಪಿಯ ದುಂಡು ಮೈಗೆ ಅದು ಒಪ್ಪುವುದೂ ಇಲ್ಲ.

ಎರಡನೆಯ ದಾರಿ ಅಕ್ಷರವನ್ನು ಚಿತ್ರವೆಂದು ನೋಡದೆ ಗೆರೆಯೆಂದು ನೋಡುವುದು. ಫಾಂಟಿನೊಳಗೆ ಪ್ರತಿ ಆಕಾರವೂ ವಕ್ರರೇಖೆಗಳ ಒಂದು ಆವರಣ. ಜಾವಾದಲ್ಲಿ ಸಾಲನ್ನು ಗ್ಲಿಫ್‌ವೆಕ್ಟರ್ ಮಾಡಿ ಗೆಟ್‌ಔಟ್‌ಲೈನ್ ಎಂದು ಕೇಳಿದರೆ ಆ ಆವರಣಗಳೆಲ್ಲ ಒಂದೇ ಆಕೃತಿಯಾಗಿ ಕೈಗೆ ಬರುತ್ತವೆ. ಅದರ ಮೇಲೆ ದಪ್ಪ ಬೇಸಿಕ್‌ಸ್ಟ್ರೋಕ್‌ನಿಂದ ಕಪ್ಪು ಗೆರೆ ಎಳೆದು, ಆಮೇಲೆ ಅದೇ ಆಕೃತಿಯನ್ನು ಬಿಳಿಯಿಂದ ತುಂಬಿದರೆ ಮುಗಿಯಿತು. ಎಂಬತ್ತೊಂದರ ಜಾಗದಲ್ಲಿ ಎರಡು. 2017ರಲ್ಲಿ ಬಂದ ಜೆಡಿಕೆ 9ರಿಂದ ಈಚೆಗೆ ಓಪನ್‌ಜೆಡಿಕೆಯಲ್ಲಿ ಇಂಥ ಗೆರೆಗಳನ್ನು ನುಣುಪಾಗಿ ಬಿಡಿಸುವ ಹೊಣೆ ಮಾರ್ಲಿನ್ ಎಂಬ ಎಂಜಿನ್ನಿನದು, ಹಿಂದಿನದಕ್ಕಿಂತ ಚುರುಕು.

ಇಲ್ಲಿ ಕೆಲವು ಸಣ್ಣ ಸಂಗತಿಗಳನ್ನು ತಪ್ಪಿದರೆ ಫಲಿತಾಂಶ ಕೆಡುತ್ತದೆ. ಗೆರೆ ಆವರಣದ ನಡುವೆ ಕೂರುತ್ತದೆ, ಅರ್ಧ ಹೊರಗೆ, ಅರ್ಧ ಒಳಗೆ. ಹೊರಗೆ ನಾಲ್ಕು ಪಿಕ್ಸೆಲ್ ಅಂಚು ಬೇಕಿದ್ದರೆ ಸ್ಟ್ರೋಕಿನ ಅಗಲ ಎಂಟು ಇರಬೇಕು. ಮೊದಲು ತುಂಬಿ ಆಮೇಲೆ ಗೆರೆ ಎಳೆದರೆ ಒಳಗಿನ ಅರ್ಧ ಅಕ್ಷರದ ಮೈಯನ್ನೇ ತಿನ್ನುತ್ತದೆ, ಒತ್ತಕ್ಷರದ ಸಣ್ಣ ಸುಳಿ ಪೂರ್ತಿ ಕಪ್ಪಾಗುತ್ತದೆ. ಅಗಲವೊಂದನ್ನೇ ಕೊಟ್ಟು ಬೇಸಿಕ್‌ಸ್ಟ್ರೋಕ್ ಮಾಡಿದರೆ ಅದು ಮೂಲೆಗಳನ್ನು ಚೂಪಾಗಿ ಚಾಚುತ್ತದೆ. ಚಾಚುವಿಕೆಯ ಮಿತಿ ಗೆರೆಯ ಅಗಲದ ಹತ್ತು ಪಟ್ಟು. ಎಂಟು ಪಿಕ್ಸೆಲ್ ಗೆರೆಗೆ ಒಳಮೂಲೆಯಿಂದ ಹೊರತುದಿಗೆ 80 ಪಿಕ್ಸೆಲ್ ತನಕ ಮುಳ್ಳು ಏಳಬಹುದೆಂದು ಇದರ ಅರ್ಥ. ತಲಕಟ್ಟಿನ ಕೊನೆಯಲ್ಲಿ, ಒತ್ತಿನ ಬಾಲದಲ್ಲಿ ಈ ಮುಳ್ಳುಗಳು ಎದ್ದು ಕಾಣುತ್ತವೆ. ಮೂಲೆಗೆ ಜಾಯ್ನ್ ರೌಂಡ್ ಎಂದು ಸೂಚಿಸಿದರೆ ಮುಳ್ಳು ಹೋಗುತ್ತದೆ. ಇನ್ನು ಕೆಲವು ಫಾಂಟುಗಳಲ್ಲಿ, ಮುಖ್ಯವಾಗಿ ದಪ್ಪ ಬದಲಿಸಬಹುದಾದ ವೇರಿಯಬಲ್ ಫಾಂಟುಗಳಲ್ಲಿ, ಒಂದೇ ಅಕ್ಷರದ ಎರಡು ಆವರಣಗಳು ಒಂದರ ಮೇಲೊಂದು ಹಾದಿರುತ್ತವೆ. ಅವನ್ನು ಒಂದು ಮಾಡಲು ಏರಿಯಾ ಎಂಬ ಕ್ಲಾಸಿನ ಮೊರೆ ಹೋಗುವವರಿದ್ದಾರೆ. ಬೇಡ. ವಕ್ರರೇಖೆಗಳ ಮೇಲೆ ಅದು ಬಹಳ ನಿಧಾನ. ಗೆರೆ ಮೊದಲು, ತುಂಬುವುದು ಆಮೇಲೆ ಎಂಬ ಕ್ರಮ ಪಾಲಿಸಿದರೆ ಒಳಗಿನ ಗೆರೆಗಳು ತಾವೇ ಮುಚ್ಚಿಹೋಗುತ್ತವೆ.

ಈಗ ಅಸಲು ಗುಂಡಿ. ಸಾಲನ್ನು ಗ್ಲಿಫ್‌ವೆಕ್ಟರ್ ಮಾಡಲು ಜಾವಾದ ಫಾಂಟ್ ಕ್ಲಾಸಿನಲ್ಲಿ ಎರಡು ವಿಧಾನಗಳಿವೆ, ಕ್ರಿಯೇಟ್‌ಗ್ಲಿಫ್‌ವೆಕ್ಟರ್ ಮತ್ತು ಲೇಔಟ್‌ಗ್ಲಿಫ್‌ವೆಕ್ಟರ್. ಮೊದಲನೆಯದು ಚಿಕ್ಕದು, ಬಹುಪಾಲು ಉದಾಹರಣೆಗಳಲ್ಲಿ ಅದೇ ಇರುತ್ತದೆ. ಅದು ಒಂದು ಸಂಕೇತಕ್ಕೆ ಒಂದು ಆಕಾರವನ್ನು ಫಾಂಟಿನಿಂದ ತಂದಿಡುತ್ತದೆ, ಬೇರೇನೂ ಮಾಡುವುದಿಲ್ಲ. ಹಾಗೆಂದು ಜಾವಾದ ಕೈಪಿಡಿಯೇ ಸ್ಪಷ್ಟವಾಗಿ ಹೇಳುತ್ತದೆ, ಓದುವವರು ಕಡಿಮೆ. ಎರಡನೆಯದು ಸಾಲನ್ನು ಲಿಪಿಯ ನಿಯಮದಂತೆ ಜೋಡಿಸಿ ಕೊಡುತ್ತದೆ. ಜೆಡಿಕೆ 9ರಿಂದ ಆ ಜೋಡಣೆಯನ್ನು ಮಾಡುತ್ತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅಂಚಿಲ್ಲದೆ ಡ್ರಾಸ್ಟ್ರಿಂಗ್‌ನಿಂದ ಬರೆದಾಗ ಚೆನ್ನಾಗಿದ್ದ ಕನ್ನಡ, ಅಂಚು ಹಾಕಿದ ಕೂಡಲೇ ಒಡೆದುಹೋಗುವುದು ಇದೇ ಕಾರಣಕ್ಕೆ. ಪ್ರೋಗ್ರಾಮರ್ ಫಾಂಟನ್ನು ಬೈಯುತ್ತಾನೆ. ಫಾಂಟಿನದು ಏನೂ ತಪ್ಪಿರುವುದಿಲ್ಲ.

‘ಶ್ರೀರಂಗಪಟ್ಟಣ’ವನ್ನೇ ತೆಗೆದುಕೊಳ್ಳಿ. ಓದುವವರಿಗೆ ಆರು ಅಕ್ಷರ. ಕಂಪ್ಯೂಟರಿನ ನೆನಪಿನಲ್ಲಿ ಅದು ಹನ್ನೆರಡು ಸಂಕೇತ: ಶ, ಹಲಂತ, ರ, ಗುಡಿಸಿನ ದೀರ್ಘ, ರ, ಸೊನ್ನೆ, ಗ, ಪ, ಟ, ಹಲಂತ, ಟ, ಣ. ಗುಡಿಸಿನ ದೀರ್ಘ ಸಾಲಿನಲ್ಲಿ ರಕಾರದ ನಂತರ ಬಂದರೂ ಗುಡಿಸು ಹತ್ತಬೇಕಾದದ್ದು ಶಕಾರದ ತಲೆಗೆ, ರಕಾರ ಹೋಗಬೇಕಾದದ್ದು ಶಕಾರದ ಕಾಲಬುಡಕ್ಕೆ. ಎರಡನೆಯ ಟಕಾರ ಮೊದಲನೆಯದರ ಕೆಳಗೆ ಇಳಿಯಬೇಕು, ಆ ಒತ್ತಿನ ಆಕಾರವೇ ಬೇರೆ. ‘ಕರ್ನಾಟಕ’ದಲ್ಲಿ ಇನ್ನೂ ಚೋದ್ಯ. ಅಲ್ಲಿ ರಕಾರ ನೆನಪಿನಲ್ಲಿ ನಕಾರಕ್ಕಿಂತ ಮೊದಲು ಕೂತಿರುತ್ತದೆ, ಕಾಗದದ ಮೇಲೆ ಅರ್ಕಾವತ್ತಾಗಿ ‘ನಾ’ ಆದ ಮೇಲೆ ಬರುತ್ತದೆ. ಒಂದೊಂದೇ ಸಂಕೇತವನ್ನು ಎತ್ತಿ ಅಂಚು ಕಟ್ಟಿ ಸಾಲಾಗಿ ಇಡುವ ಪ್ರೋಗ್ರಾಮಿಗೆ ಇದಾವುದೂ ಗೊತ್ತಿರುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 128, ಅದರಲ್ಲಿ ಒತ್ತಕ್ಷರಗಳಿಗೆ ಒಂದೂ ಇಲ್ಲ. ಅವು ಫಾಂಟಿನೊಳಗೆ ಮಾತ್ರ ಇವೆ, ಜೋಡಣೆಯ ನಿಯಮ ಗೊತ್ತಿದ್ದವರಿಗೆ ಮಾತ್ರ ಸಿಗುತ್ತವೆ.

ಜೋಡಣೆ ಸರಿಯಾದ ಮೇಲೂ ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು. ಆಕಾರಗಳನ್ನು ಒಂದೊಂದಾಗಿ ಅಂಚು, ತುಂಬು, ಅಂಚು, ತುಂಬು ಎಂದು ಬಿಡಿಸುತ್ತ ಹೋದರೆ ಒತ್ತಿನ ಕಪ್ಪು ಅಂಚು ಮೇಲಿನ ಅಕ್ಷರದ ಬಿಳಿ ಹೊಟ್ಟೆಯ ಮೇಲೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಗಳು ಅಕ್ಕಪಕ್ಕ ನಿಲ್ಲುತ್ತವೆ, ಈ ತಪ್ಪು ಅಷ್ಟಾಗಿ ಕಾಣುವುದಿಲ್ಲ. ಕನ್ನಡದಲ್ಲಿ ‘ಷ್ಟ್ರ’ದಂಥ ಕಡೆ ಮೂರು ಆಕಾರ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತವೆ. ಇಡೀ ಸಾಲಿನ ಅಂಚು ಮೊದಲು, ಇಡೀ ಸಾಲಿನ ತುಂಬುವಿಕೆ ಆಮೇಲೆ, ಬೇರೆ ದಾರಿಯಿಲ್ಲ. ಎತ್ತರದ ಲೆಕ್ಕದಲ್ಲೂ ಇದೇ ಗೋಳು. ಫಾಂಟು ಹೇಳಿದ ಎತ್ತರವನ್ನು ನಂಬಿ ಚಿತ್ರದ ಚೌಕಟ್ಟು ಕತ್ತರಿಸಿದರೆ ‘ಸ್ತ್ರೀ’ಯ ಕೆಳಗಿನ ಒತ್ತಿನ ಅಂಚು ಅರ್ಧಕ್ಕೆ ಕುಯ್ದುಹೋಗಬಹುದು. ಅಂಚು ಹಚ್ಚಿದ ಆಕೃತಿಯ ನಿಜವಾದ ಅಳತೆಯನ್ನು ಕೇಳಿಕೊಂಡೇ ಚೌಕಟ್ಟು ಹಾಕಬೇಕು.

ವೇಗದ ಮಾತಿಗೆ ಬಂದರೆ, ಜೋಡಣೆ ಮತ್ತು ಗೆರೆ ಎಳೆಯುವಿಕೆ ಎರಡೂ ದುಬಾರಿ ಕೆಲಸಗಳು, ನಿಜ. ಆದರೆ ಅವನ್ನು ಪ್ರತಿ ಫ್ರೇಮಿಗೂ ಮಾಡಬೇಕೆಂದು ಯಾರು ಹೇಳಿದರು? ಒಂದು ಸಬ್‌ಟೈಟಲ್ ಸಾಲು ಮೂರು ಸೆಕೆಂಡ್ ನಿಂತರೆ ಅದು 180 ಫ್ರೇಮು. ಮೊದಲ ಫ್ರೇಮಿನಲ್ಲಿ ಪಾರದರ್ಶಕ ಬಫರ್ಡ್‌ಇಮೇಜ್ ಒಂದರ ಮೇಲೆ ಬಿಡಿಸಿಟ್ಟುಕೊಂಡರೆ ಉಳಿದ 179ರಲ್ಲಿ ಬರೀ ನಕಲು. 1200 ಪಿಕ್ಸೆಲ್ ಉದ್ದ, 100 ಪಿಕ್ಸೆಲ್ ಎತ್ತರದ ಚಿತ್ರಕ್ಕೆ ಬೇಕಾಗುವ ಜಾಗ 4,80,000 ಬೈಟು, ಅರ್ಧ ಎಂಬಿಗಿಂತ ಕಡಿಮೆ. ಹೀಗೆ ಇಟ್ಟುಕೊಂಡ ಚಿತ್ರವನ್ನು ಮತ್ತೆ ಹುಡುಕುವ ಕೀಲಿಯಲ್ಲಿ ಪಠ್ಯ, ಫಾಂಟು, ಗಾತ್ರ, ಅಂಚಿನ ದಪ್ಪ, ಬಣ್ಣ ಇವಿಷ್ಟೇ ಇದ್ದರೆ ಸಾಲದು, ಪರದೆಯ ಸ್ಕೇಲೂ ಇರಬೇಕು. ಇಲ್ಲದಿದ್ದರೆ ಹೆಚ್ಚು ಸಾಂದ್ರತೆಯ ಲ್ಯಾಪ್‌ಟಾಪಿನಲ್ಲಿ ಅಕ್ಷರ ಮಸುಕಾಗುತ್ತದೆ. ಬಣ್ಣ ಆಗಾಗ ಬದಲಾಗುವುದಾದರೆ ಚಿತ್ರದ ಬದಲು ಆಕೃತಿಯನ್ನೇ ಇಟ್ಟುಕೊಳ್ಳುವುದು ಲೇಸು.

ಆಂಡ್ರಾಯ್ಡಿನಲ್ಲಿ ಜೋಡಣೆಯ ಚಿಂತೆ ಕಡಿಮೆ, ಅಲ್ಲಿನ ಡ್ರಾಟೆಕ್ಸ್ಟ್ ಸ್ಟ್ರೋಕ್ ಶೈಲಿಯಲ್ಲೂ ಹಾರ್ಫ್‌ಬಜ್ ಮೂಲಕವೇ ಹೋಗುತ್ತದೆ. ಅಲ್ಲಿನ ಗುಂಡಿ ಬೇರೆ. ಟೆಕ್ಸ್ಟ್‌ವ್ಯೂನ ಆನ್‌ಡ್ರಾ ಒಳಗೆ ಸೆಟ್‌ಟೆಕ್ಸ್ಟ್‌ಕಲರ್ ಕರೆದು ಒಮ್ಮೆ ಕಪ್ಪು, ಒಮ್ಮೆ ಬಿಳಿ ಬರೆಸುವ ಉಪಾಯ ಬಹಳ ಜನ ಬಳಸುತ್ತಾರೆ. ಆ ಕರೆಯೇ ‘ನನ್ನನ್ನು ಮತ್ತೆ ಬಿಡಿಸು’ ಎಂದು ವ್ಯವಸ್ಥೆಗೆ ಹೇಳಿಬಿಡುತ್ತದೆ. ಬಿಡಿಸಿದರೆ ಮತ್ತೆ ಕರೆ, ಕರೆದರೆ ಮತ್ತೆ ಬಿಡಿಸು. ಪರದೆಯ ಮೇಲೆ ಏನೂ ಅಲುಗುವುದಿಲ್ಲ, ಬ್ಯಾಟರಿ ಮಾತ್ರ ಇಳಿಯುತ್ತದೆ. ಲೇಔಟನ್ನೂ ಪೇಂಟನ್ನೂ ತಾವೇ ಇಟ್ಟುಕೊಂಡು ಎರಡು ಸಲ ಬಿಡಿಸಿದರೆ ಈ ಸುತ್ತು ತಪ್ಪುತ್ತದೆ.

ಆಟ ಕಟ್ಟುವವರ ಲೋಕದಲ್ಲಿ ಅಂಚಿಗೆ ಇನ್ನೂ ಅಗ್ಗದ ಉಪಾಯವೊಂದಿದೆ. 2007ರ ಸಿಗ್ರಾಫ್ ಸಮ್ಮೇಳನದಲ್ಲಿ ವಾಲ್ವ್ ಕಂಪನಿಯ ಕ್ರಿಸ್ ಗ್ರೀನ್ ಅದನ್ನು ವಿವರಿಸಿದರು. ಅಕ್ಷರದ ಚಿತ್ರದ ಬದಲು, ಪ್ರತಿ ಬಿಂದುವೂ ಅಕ್ಷರದ ಅಂಚಿನಿಂದ ಎಷ್ಟು ದೂರ ಎಂಬ ಸಂಖ್ಯೆಯನ್ನು ಬರೆದಿಡುವುದು. 4096 ಪಿಕ್ಸೆಲ್ ಚೌಕದ ಮೂಲದಿಂದ 64 ಪಿಕ್ಸೆಲ್ ಚೌಕದ ದೂರಪಟ ಮಾಡಿ, ಅದನ್ನೇ ಹಿಗ್ಗಿಸಿದರೂ ಅಂಚು ಚೊಕ್ಕವಾಗಿ ಉಳಿಯುವುದನ್ನು ಅವರು ತೋರಿಸಿದರು. ದೂರ ಸೊನ್ನೆಗಿಂತ ಒಳಗಿದ್ದರೆ ಬಿಳಿ, ಸೊನ್ನೆಯಿಂದ ನಾಲ್ಕರೊಳಗಿದ್ದರೆ ಕಪ್ಪು, ಅದರಾಚೆ ಪಾರದರ್ಶಕ. ಅಂಚಿನ ಖರ್ಚು ಗ್ರಾಫಿಕ್ಸ್ ಚಿಪ್ಪಿನಲ್ಲಿ ಒಂದು ಹೆಚ್ಚುವರಿ ಹೋಲಿಕೆ ಮಾತ್ರ. ಚೂಪು ಮೂಲೆಗಳು ಇದರಲ್ಲಿ ಮೊಂಡಾಗುತ್ತವೆ. ಅದನ್ನು ಸರಿಪಡಿಸಲು ವಿಕ್ಟರ್ ಕ್ಲುಮ್ಸ್ಕಿ 2015ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಕೆಂಪು, ಹಸಿರು, ನೀಲಿ ಮೂರೂ ವಾಹಿನಿಗಳಲ್ಲಿ ಬೇರೆ ಬೇರೆ ದೂರ ಬರೆದಿಡುವ ವಿಧಾನ ರೂಪಿಸಿದರು. ದುಂಡಗಿನ ಕನ್ನಡಕ್ಕೆ ಮೊದಲನೆಯದೇ ಅನೇಕ ವೇಳೆ ಸಾಕು.

ಜಾಣ್ಮೆಯ ಉಪಾಯ, ಅನುಮಾನವಿಲ್ಲ. ಆದರೆ ಆ ದೂರಪಟಗಳನ್ನು ಯಾವ ಹೆಸರಿನಲ್ಲಿ ಕಡತಕ್ಕೆ ಹಾಕುತ್ತಾರೆ? ಸಂಕೇತದ ಹೆಸರಿನಲ್ಲಿ. ‘ಸ್ಲೇ ದ ಸ್ಪೈರ್’ನಂಥ ಜನಪ್ರಿಯ ಆಟ ಹುಟ್ಟಿದ್ದು ಲಿಬ್‌ಜಿಡಿಎಕ್ಸ್ ಎಂಬ ಜಾವಾ ಚೌಕಟ್ಟಿನಲ್ಲಿ. ಅದರಲ್ಲಿ ಅಂಚಿನ ದಪ್ಪ, ಬಣ್ಣ ಎಲ್ಲಕ್ಕೂ ಆಯ್ಕೆಗಳಿವೆ, ದೂರಪಟದ ಸೌಲಭ್ಯವೂ ಇದೆ. ಅದರ ಬಿಟ್‌ಮ್ಯಾಪ್‌ಫಾಂಟ್ ಮಾತ್ರ ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಹಳೆಯ ಲೆಕ್ಕದ್ದೇ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋ ಕೂಡ ಇದೇ ಜಾತಿ. ಗೊಡೊ ಎಂಜಿನ್ನಿನವರು 2023ರ ನಾಲ್ಕನೆಯ ಆವೃತ್ತಿಯಲ್ಲಿ ಹಾರ್ಫ್‌ಬಜ್ ಒಳಗೆ ತಂದು ಈ ರೋಗ ಕಳೆದುಕೊಂಡರು. ಲಿಬ್‌ಜಿಡಿಎಕ್ಸ್ ಬಿಡಲಾಗದವರಿಗೆ ಒಂದು ಸರಳ ದಾರಿಯಿದೆ: ಆಟದ ಕನ್ನಡ ಸಾಲುಗಳು ಮೊದಲೇ ಗೊತ್ತಿರುತ್ತವೆಯಾದ್ದರಿಂದ, ಆಟ ಕಟ್ಟುವ ಹೊತ್ತಿಗೇ ಮಾಮೂಲಿ ಜಾವಾದಲ್ಲಿ ಸಾಲನ್ನು ಜೋಡಿಸಿ, ಅಂಚು ಹಾಕಿ, ಪೂರ್ತಿ ಸಾಲನ್ನೇ ಒಂದು ಚಿತ್ರವಾಗಿ ಒಳಗಿಡುವುದು. ಸೊಗಸಾದ ಪರಿಹಾರವಲ್ಲ, ಆದರೆ ‘ರಾಷ್ಟ್ರ’ ರಾಷ್ಟ್ರವಾಗಿಯೇ ಉಳಿಯುತ್ತದೆ.

ನಕ್ಷೆಯವರದು ಇದೇ ಕಥೆಯ ಇನ್ನೊಂದು ಅಧ್ಯಾಯ. ಊರಿನ ಹೆಸರು ಹಸಿರು ಕಾಡಿನ ಮೇಲೂ ನೀಲಿ ಕೆರೆಯ ಮೇಲೂ ಓದಬರಬೇಕಾದ್ದರಿಂದ ನಕ್ಷೆಯ ಅಕ್ಷರಕ್ಕೆ ಅಂಚು ಬೇಕೇ ಬೇಕು. ಮ್ಯಾಪ್‌ಬಾಕ್ಸ್ ಬ್ರೌಸರಿನಲ್ಲೇ ನಕ್ಷೆ ಬಿಡಿಸುವ ತನ್ನ ವ್ಯವಸ್ಥೆಗೆ ದೂರಪಟವನ್ನೇ ಆರಿಸಿಕೊಂಡಿತು. ಅಕ್ಷರಗಳನ್ನು 256 ಸಂಕೇತಗಳ ಕಟ್ಟುಗಳಾಗಿ ಕಳಿಸುತ್ತದೆ. 3072ರಿಂದ 3327ರವರೆಗಿನ ಒಂದು ಕಟ್ಟಿನಲ್ಲಿ ತೆಲುಗೂ ಕನ್ನಡವೂ ಒಟ್ಟಿಗೆ ಪ್ರಯಾಣ ಮಾಡುತ್ತವೆ. ಅಂಚಿನ ಗರಿಷ್ಠ ದಪ್ಪ ಅಕ್ಷರದ ಗಾತ್ರದ ಕಾಲುಭಾಗ, ಏಕೆಂದರೆ ದೂರಪಟದಲ್ಲಿ ಬರೆದಿಟ್ಟಿರುವುದೇ ಅಷ್ಟು ದೂರ. ಸಂಕೇತವಿಲ್ಲದ ಒತ್ತಕ್ಷರಕ್ಕೆ ಆ ಕಟ್ಟಿನಲ್ಲಿ ಜಾಗವೇ ಇಲ್ಲ. ಅಂಥ ನಕ್ಷೆಗಳಲ್ಲಿ ಕನ್ನಡದ ಊರುಗಳು ಹಲಂತ ಹೊತ್ತು ಬಿಡಿಬಿಡಿಯಾಗಿ ನಿಂತದ್ದು ಈ ವಿನ್ಯಾಸದಿಂದ. ಹೋಲಿಸಿ ನೋಡಬೇಕೆಂದರೆ ಓಪನ್‌ಸ್ಟ್ರೀಟ್‌ಮ್ಯಾಪಿನ ಮಾಮೂಲಿ ಚಿತ್ರನಕ್ಷೆಯನ್ನು ನೋಡಿ. ಅದನ್ನು ಸರ್ವರಿನಲ್ಲಿ ಬಿಡಿಸುವ ಮ್ಯಾಪ್ನಿಕ್ ಹಾರ್ಫ್‌ಬಜ್ ಬಳಸುತ್ತದೆ. ಅಲ್ಲಿ ಅಂಚೂ ಇದೆ, ಒತ್ತೂ ಇದೆ.

ವಿಡಿಯೊದವರು ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್ ಬಳಸುವುದಾದರೆ 2023ರ 6.1 ಆವೃತ್ತಿ ಅಥವಾ ಅದರ ಮುಂದಿನದನ್ನೇ ಬಳಸಬೇಕು. ಹಾರ್ಫ್‌ಬಜ್ ಅದರೊಳಗೆ ಬಂದದ್ದು ಆಗ. ಹಳೆಯ ಆವೃತ್ತಿಯೇ ಗತಿ ಎನ್ನುವವರು ಎಎಸ್‌ಎಸ್ ಎಂಬ ಬಗೆಯ ಸಬ್‌ಟೈಟಲ್ ಕಡತ ಮಾಡಿ, ಅದನ್ನು ಬಿಡಿಸುವ ಲಿಬ್‌ಆಸ್ ಲೈಬ್ರರಿಯ ಮೂಲಕ ಹೋಗಲಿ.

ಹಾಡಿನ ಸಾಲು ಅಕ್ಷರ ಅಕ್ಷರವಾಗಿ ಮೂಡುವ ಪರಿಣಾಮವನ್ನು ಮಾಡುವವರಿಗೆ ಒಂದು ಮಾತು. ಸಾಲನ್ನು ಅಕ್ಷರಗಳಾಗಿ ಕತ್ತರಿಸಲು ಯೂನಿಕೋಡಿನ ನಿಯಮವನ್ನು ಕಣ್ಣುಮುಚ್ಚಿ ನಂಬಬೇಡಿ. ಒತ್ತಕ್ಷರವನ್ನು ಕತ್ತರಿಸಬಾರದೆಂಬ ಹೊಸ ನಿಯಮ 2023ರ 15.1 ಆವೃತ್ತಿಯಲ್ಲಿ ಬಂದಾಗ ಅದರ ಪಟ್ಟಿಯಲ್ಲಿದ್ದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಇರಲಿಲ್ಲ. ಪಕ್ಕದ ತೆಲುಗಿನಲ್ಲಿ ಒಂದಾಗಿ ಉಳಿಯುವ ‘ಟ್ಟ’ ಕನ್ನಡದಲ್ಲಿ ‘ಟ್’ ಎಂದೂ ‘ಟ’ ಎಂದೂ ಎರಡಾಗುತ್ತದೆ. ಹಲಂತದ ನಂತರ ವ್ಯಂಜನ ಬಂದರೆ ಕತ್ತರಿಸಬೇಡ ಎಂದು ನಿಮ್ಮ ಪ್ರೋಗ್ರಾಮಿನಲ್ಲಿ ನೀವೇ ಒಂದು ಸಾಲು ಬರೆದುಕೊಳ್ಳಬೇಕು. ಇನ್ನೂ ಒಳ್ಳೆಯದೆಂದರೆ ಕತ್ತರಿಸದೇ ಇರುವುದು: ಇಡೀ ಸಾಲನ್ನು ಅಂಚು ಸಮೇತ ಒಮ್ಮೆ ಚಿತ್ರ ಮಾಡಿಟ್ಟುಕೊಂಡು ಎಡದಿಂದ ಬಲಕ್ಕೆ ಪರದೆ ಸರಿಸಿದಂತೆ ತೋರಿಸಿ.

ಫಾಂಟಿನ ಬಗ್ಗೆಯೂ ಒಂದು ಕಿವಿಮಾತು. ಜಾವಾದಲ್ಲಿ ಹೆಸರು ಹೇಳಿ ಕೇಳಿದ ಫಾಂಟು ಆ ಯಂತ್ರದಲ್ಲಿ ಇಲ್ಲದಿದ್ದರೆ ಅದು ದೂರು ಹೇಳುವುದಿಲ್ಲ, ಸದ್ದಿಲ್ಲದೆ ಡೈಲಾಗ್ ಎಂಬ ತನ್ನ ಫಾಂಟನ್ನು ಕೊಟ್ಟುಬಿಡುತ್ತದೆ. ನಿಮ್ಮ ಮೇಜಿನ ಮೇಲೆ ಸರಿಯಿದ್ದದ್ದು ಗ್ರಾಹಕರ ಮನೆಯಲ್ಲಿ ಬೇರೆಯಾಗುವುದು ಹೀಗೆ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟಿನ ಕಡತವನ್ನೇ ಜೊತೆಗೆ ಕಟ್ಟಿಕೊಡಿ. ಕ್ಯಾನ್‌ಡಿಸ್‌ಪ್ಲೇ ಎಂದು ಕೇಳಿ ಹೌದು ಎಂದು ಬಂದರೆ ನಿಶ್ಚಿಂತರಾಗಬೇಡಿ. ಅದು ಹೇಳುವುದು ಬಿಡಿ ಸಂಕೇತಗಳ ಮಾತನ್ನು, ಒತ್ತಿನ ಮಾತನ್ನಲ್ಲ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ಪರೀಕ್ಷಾ ಕಡತದಲ್ಲಿ ಶ್ರೀರಂಗಪಟ್ಟಣ, ಕರ್ನಾಟಕ, ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ಕೃಷ್ಣ ಈ ಆರು ಪದಗಳನ್ನು ಹಾಕಿಡಿ. ಅಂಚನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ದಪ್ಪ ಮಾಡಿ, ಒಮ್ಮೆ ಬಿಳಿ, ಒಮ್ಮೆ ಕಪ್ಪು ಹಿನ್ನೆಲೆಯ ಮೇಲೆ ಬಿಡಿಸಿ, ಕನ್ನಡ ಓದಬಲ್ಲ ಒಬ್ಬರಿಗೆ ತೋರಿಸಿ. ಅರ್ಕಾವತ್ತು, ವಟ್ರಸುಳಿ, ಎರಡೆರಡು ಒತ್ತು, ಎಲ್ಲವೂ ಆ ಆರರಲ್ಲಿ ಸಿಗುತ್ತವೆ. ನೀವು ಬಳಸುವ ಲೈಬ್ರರಿ ಅಲ್ಲಿ ಎಡವಿದರೆ ಸುಮ್ಮನೆ ಸುತ್ತುದಾರಿ ಹುಡುಕಿ ಮುಂದೆ ಹೋಗಬೇಡಿ. ಸರಿಯಾದ ಚಿತ್ರ, ತಪ್ಪು ಚಿತ್ರ ಎರಡನ್ನೂ ಜೊತೆಗಿಟ್ಟು ಅದನ್ನು ಮಾಡಿದವರಿಗೆ ದೂರು ಬರೆಯಿರಿ. ಕನ್ನಡ ಬಾರದ ಅವರಿಗೆ ತಪ್ಪು ಎಲ್ಲಿದೆಯೆಂದು ತೋರಿಸಬಲ್ಲವರು ನೀವೇ.

ಇಂತಿ,
ಸಬ್‌ಟೈಟಲ್ ಓದಿಕೊಂಡೇ ಸಿನಿಮಾ ನೋಡುವ ಒಬ್ಬ ಕನ್ನಡಿಗ